ಬೂದಿಕೋಟೆಯಿಂದ ಬೋಸ್ಟನ್‌ವರೆಗೆ: ಒಂಬತ್ತನೇ ಕ್ಲಾಸಿಗೆ ಅಮೆರಿಕದ ಪಾಠ

ಶನಿವಾರದ ಶಾಲಾ ಪಾಠಕ್ಕೆ ಹೆಸರು ಕೊಡೋ ಹಾಳೆ ನಮ್ಮ ಕ್ಲಾಸಿಗೆ ಬಂದಾಗ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ಗಣಿತದ ಕಾಲಂ ಮೊದಲು ತುಂಬುತ್ತೆ, ಆಮೇಲೆ ವಿಜ್ಞಾನ, ಆಮೇಲೆ ಸ್ಪೋಕನ್ ಇಂಗ್ಲಿಷ್. ಸಮಾಜ ವಿಜ್ಞಾನದ ಎದುರು ಮಾತ್ರ ಖಾಲಿ. ಕ್ಯಾಂಟೀನಿನಿಂದ ತಡವಾಗಿ ಬಂದವರ ಪಾಲಿಗೆ ಅದು. ಹೋದ ವರ್ಷ ತಡವಾಗಿ ಬಂದವನು ನಾನು. ಸಿಕ್ಕಿದ್ದು ಬಂಗಾರಪೇಟೆ ತಾಲ್ಲೂಕಿನ ಒಂದು ಪ್ರೌಢಶಾಲೆ, ಒಂಬತ್ತನೇ ತರಗತಿ, ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ.

ಮೊದಲ ದಿನ ಪಕ್ಕಾ ಫ್ಲಾಪ್. ಹಿಂದಿನ ರಾತ್ರಿ ಇಂಟರ್ನಲ್ಸಿಗೆ ಓದೋ ಹಾಗೆ ಓದಿಕೊಂಡು ಹೋಗಿದ್ದೆ. 13 ವಸಾಹತುಗಳ ಹೆಸರನ್ನ ಬೋರ್ಡ್ ಮೇಲೆ ಬರೆದೆ, ಮಕ್ಕಳು ಬರಕೊಂಡರು. ಕಾಯಿದೆಗಳ ಹೆಸರು ಬರೆದೆ, ಅದನ್ನೂ ಬರಕೊಂಡರು. ಬೆಲ್ಲಿಗೆ ಐದು ನಿಮಿಷ ಇದ್ದಾಗ ಹಿಂದಿನ ಬೆಂಚಿನ ಹುಡುಗ ಕೈಯೆತ್ತಿ ಕೇಳಿದ: "ಸಾರ್, ಇದು ನಮ್ಗೇನಕ್ಕೆ?" ಕೊಬ್ಬಿನಿಂದ ಕೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನಾನು "ಪರೀಕ್ಷೆಗೆ ಬರುತ್ತಪ್ಪಾ" ಅಂದೆ. ನಮ್ಮ ಲೆಕ್ಚರರ್‌ಗಳು ಇದೇ ಉತ್ತರ ಕೊಟ್ಟಾಗ ಹಿಂದೆ ಕೂತು ನಾವು ಏನೇನು ಮಾತಾಡಿಕೊಳ್ತೀವಿ ಅಂತ ನೆನಪಾಗಿ ನನಗೇ ನಾಚಿಕೆ ಆಯ್ತು.

ಅವನ ಪ್ರಶ್ನೆಗೆ ಒಳ್ಳೇ ಉತ್ತರ ಇದೆ. ಅದು ಆ ಶಾಲೆಯಿಂದ ಆಟೋದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಇತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಈ ಸಲ ಆ ಖಾಲಿ ಕಾಲಂ ಯಾರ ಪಾಲಿಗೆ ಬರುತ್ತೋ ಅವರಿಗಾಗಿ ಇದನ್ನ ಬರೀತಿದ್ದೀನಿ.

ಎರಡು ಪುಸ್ತಕದ ನಡುವಿನ ಗೋಡೆ

ನಮ್ಮ ರಾಜ್ಯ ಪಠ್ಯದಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮ ಬರೋದು 9ನೇ ತರಗತಿಯಲ್ಲಿ, ಫ್ರಾನ್ಸಿನ ಕ್ರಾಂತಿ, ಇಟಲಿ, ಜರ್ಮನಿಗಳ ಏಕೀಕರಣದ ಜೊತೆಗೆ. ಹೈದರಾಲಿ, ಟಿಪ್ಪು, ಮೈಸೂರು ಯುದ್ಧಗಳು ಬರೋದು 10ನೇ ತರಗತಿಯಲ್ಲಿ. (ಪುಸ್ತಕ ಆಗಾಗ ಪರಿಷ್ಕರಣೆ ಆಗುತ್ತೆ. ಹೋಗುವ ಮೊದಲು ಈ ವರ್ಷದ್ದನ್ನ ಒಮ್ಮೆ ತಿರುವಿ ನೋಡಿ.) ಒಂದು ಪಾಠ ಒಂದು ವರ್ಷ, ಇನ್ನೊಂದು ಮುಂದಿನ ವರ್ಷ. ಹಾಗಾಗಿ ಮಕ್ಕಳ ತಲೆಯಲ್ಲಿ ಇವು ಎರಡು ಬೇರೆ ಬೇರೆ ಕಾಲದ, ಬೇರೆ ಬೇರೆ ಲೋಕದ ಕಥೆ. ಸುಳ್ಳು ಯಾಕೆ ಹೇಳಲಿ, ನನ್ನ ತಲೆಯಲ್ಲೂ ಹಾಗೇ ಇತ್ತು. ವಾಷಿಂಗ್ಟನ್ ಅಂದ್ರೆ ಡಾಲರ್ ನೋಟು, ಹೈದರ್ ಅಂದ್ರೆ ಕತ್ತಿ ಕುದುರೆ.

ಇಬ್ಬರೂ ಒಂದೇ ಕಾಲದವರು. ಅವರ ಎದುರಾಳಿಯೂ ಒಬ್ಬನೇ. ಹೈದರಾಲಿ ಹುಟ್ಟಿದ್ದು 1720ರ ಸುಮಾರಿಗೆ, ಬೂದಿಕೋಟೆಯಲ್ಲಿ. ಅದೇ ನಮ್ಮ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಅವನ ತಂದೆ ಫತೇ ಮಹಮ್ಮದನ ಸಮಾಧಿ ಕೋಲಾರದಲ್ಲಿದೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರ ಬೀಡುಬಿಟ್ಟಿದ್ದಾಗ ಹೈದರ್ ಸತ್ತ. ಅವನ ದೇಹವನ್ನ ಮೊದಲು ತಂದಿದ್ದೂ ಕೋಲಾರಕ್ಕೆ, ಶ್ರೀರಂಗಪಟ್ಟಣದ ಗುಂಬಜ್‌ಗೆ ಸಾಗಿಸಿದ್ದು ನಂತರ.

ಅದೇ 1782ರ ಏಪ್ರಿಲ್‌ನಲ್ಲಿ ಅಮೆರಿಕದ ಡೆಲಾವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದವರ ಒಂದು ಹಡಗು 'ಜನರಲ್ ಮಂಕ್' ಅನ್ನೋ ಬ್ರಿಟಿಷ್ ಹಡಗನ್ನ ಸೋಲಿಸಿ ಹಿಡಿಯಿತು. ಅಮೆರಿಕದವರ ಆ ಹಡಗಿನ ಹೆಸರು 'ಹೈದರ್ ಆಲಿ'. ಕ್ಯಾಪ್ಟನ್ ಜೋಶುವಾ ಬಾರ್ನಿ. ಬ್ರಿಟಿಷರನ್ನ ಇಂಡಿಯಾದಲ್ಲಿ ಒಬ್ಬ ರಾಜ ಹಣ್ಣು ಮಾಡ್ತಿದ್ದಾನೆ ಅನ್ನೋ ಸುದ್ದಿ ಅಟ್ಲಾಂಟಿಕ್ ದಾಟಿ ಹೋಗಿತ್ತು, ಹಡಗಿಗೆ ಹೆಸರಿಡುವಷ್ಟು.

ಬೂದಿಕೋಟೆಯಲ್ಲಿ ಹುಟ್ಟಿದವನ ಹೆಸರು ಫಿಲಡೆಲ್ಫಿಯಾದ ಹಡಗಿನ ಮೇಲೆ! ಎರಡನೇ ವಾರ ಇದೊಂದು ಮಾತು ಹೇಳಿದೆ ಅಷ್ಟೇ, ಹಿಂದಿನ ಬೆಂಚು ಮುಂದಕ್ಕೆ ಬಂತು. ಬೂದಿಕೋಟೆಯಿಂದ ಬಸ್ಸಿನಲ್ಲಿ ಬರೋ ಇಬ್ಬರು ಹುಡುಗಿಯರು ಇದ್ದರು. ಅವರ ಮುಖ ನೋಡಬೇಕಿತ್ತು ನೀವು.

ಮೊದಲು ಏನನ್ನ ನಿರೀಕ್ಷಿಸಬೇಕು

ಪ್ಲಾನ್ ಅಂದ ತಕ್ಷಣ ನಾವು ಶುರುವಿನಿಂದ ಬರೀತೀವಿ: ಮೊದಲ ಪೀರಿಯಡ್ ಪೀಠಿಕೆ, ಎರಡನೇದು ಕಾರಣಗಳು, ಹೀಗೆ. ಉಲ್ಟಾ ಮಾಡಿ. ಕೊನೇ ದಿನ ಮಗು ಏನು ಹೇಳಬಲ್ಲದು ಅಂತ ಮೊದಲು ಬರೆದುಕೊಳ್ಳಿ. ಸರ್ಕ್ಯೂಟಿಗೆ ಬೇಕಾದ ಔಟ್‌ಪುಟ್ ಗೊತ್ತಿಲ್ಲದೆ ಕಾಂಪೊನೆಂಟ್ ತರೋಕೆ ಎಸ್.ಪಿ. ರೋಡಿಗೆ ಹೋಗ್ತೀವಾ?

ನಾನು ಎರಡನೇ ಸಲ ಬರೆದುಕೊಂಡಿದ್ದು ಮೂರೇ ಸಾಲು. ಒಂದು, ವಸಾಹತಿನವರು ಯಾಕೆ ಸಿಟ್ಟಾದರು ಅಂತ ಪುಸ್ತಕ ಮುಚ್ಚಿ ತನ್ನ ಮಾತಲ್ಲಿ ಹೇಳಬೇಕು. ಎರಡು, ಅಮೆರಿಕ, ಮೈಸೂರು ಎರಡರಲ್ಲೂ ಒಂದೇ ಹೊತ್ತಿಗೆ ಏನಾಗ್ತಿತ್ತು ಅಂತ ನಾಲ್ಕೈದು ಇಸವಿ ಜೋಡಿಸಬೇಕು. ಮೂರು, "ಎಲ್ಲರೂ ಸಮಾನರು" ಅಂತ ಘೋಷಿಸಿದವರು ಯಾರನ್ನ ಬಿಟ್ಟರು ಅಂತ ಕೇಳಬೇಕು. ಮೂರನೇದಕ್ಕೆ ಮಗು ಉತ್ತರ ಹೇಳಬೇಕು ಅಂತೇನಿಲ್ಲ, ಕೇಳಿದರೆ ಸಾಕು.

ಇನ್ನು ಮಕ್ಕಳಿಂದ ಏನು ನಿರೀಕ್ಷಿಸಬಾರದು ಅಂತಲೂ ಹೇಳಬೇಕು. ಮನೆಯಲ್ಲಿ ಓದಿಕೊಂಡು ಬರ್ತಾರೆ ಅಂತ ಅಂದ್ಕೋಬೇಡಿ. ಕೆ.ಜಿ.ಎಫ್. ಕಡೆಯ ಎಷ್ಟೋ ಮನೆಗಳಲ್ಲಿ ಅಪ್ಪನೋ ಅಮ್ಮನೋ ಬೆಳಗಿನ ಮಾರಿಕುಪ್ಪಂ ಟ್ರೈನಿಗೆ ಬೆಂಗಳೂರಿಗೆ ಹೋದರೆ ಬರೋದು ರಾತ್ರಿ. ಕೂತು ಓದಿಸೋರು ಇರಲ್ಲ. ಕ್ಲಾಸಿನಲ್ಲಿ ಆಗಬೇಕಾದ್ದು ಕ್ಲಾಸಿನಲ್ಲೇ ಆಗಬೇಕು. ಹಾಗೇ ಭಾಷೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಗೆಳೆಯನ ಜೊತೆ ಉರ್ದು, ಪುಸ್ತಕದಲ್ಲಿ ಕನ್ನಡ: ಇಂಥ ಮಗುವಿಗೆ "ಸಾಮ್ರಾಜ್ಯಶಾಹಿ", "ವಾಣಿಜ್ಯ ನೀತಿ" ಅಂದರೆ ಅದು ಐದನೇ ಭಾಷೆ. ಪದ ಬಿಡಿ ಅಂತಲ್ಲ, ಪರೀಕ್ಷೆಯಲ್ಲಿ ಅದೇ ಪದ ಬರುತ್ತೆ. ಮೊದಲು ಸಂಗತಿ ಹೇಳಿ, ಆಮೇಲೆ ಅದಕ್ಕೆ ಪುಸ್ತಕದಲ್ಲಿ ಇಟ್ಟಿರೋ ಹೆಸರು ಹೇಳಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಮೊದಲು ತಲೆಯಾಡಿಸಿ, ಆಮೇಲೆ ಕನ್ನಡದಲ್ಲಿ ಹೇಳಿಸಿ.

ನಿಮ್ಮಿಂದಲೂ ಒಂದು ನಿರೀಕ್ಷೆ ಇದೆ. ಅಲ್ಲಿನ ಸಮಾಜ ವಿಜ್ಞಾನದ ಟೀಚರನ್ನ ಮೊದಲೇ ಭೇಟಿಯಾಗಿ ಎಲ್ಲಿಯವರೆಗೆ ಪಾಠ ಆಗಿದೆ ಅಂತ ಕೇಳಿ. ನಾವು ನಾಲ್ಕು ಶನಿವಾರ ಬಂದು ಹೋಗೋರು, ಅವರು ವರ್ಷಪೂರ್ತಿ ಇರೋರು. ಅವರ ಪಾಠದ ಮೇಲೆ ನಮ್ಮದು ಕೂರಬೇಕು, ಅಡ್ಡ ಬರಬಾರದು. ಪೀರಿಯಡ್ 40 ನಿಮಿಷ ಅಂದರೆ ಹಾಜರಿ, ಗಲಾಟೆ ಕಳೆದು ಕೈಗೆ ಸಿಗೋದು 30. ಪ್ಲಾನನ್ನ 30ಕ್ಕೇ ಮಾಡಿ.

ಮೊದಲ ಪೀರಿಯಡ್: ಬೋರ್ಡ್ ಮಧ್ಯೆ ಒಂದು ಗೆರೆ

ಬೋರ್ಡಿನ ಮಧ್ಯೆ ಉದ್ದಕ್ಕೆ ಗೆರೆ ಎಳೆದು ಎಡಕ್ಕೆ "ಅಮೆರಿಕ", ಬಲಕ್ಕೆ "ನಮ್ಮ ಕಡೆ" ಅಂತ ಬರೀರಿ. ಎರಡು ಬಣ್ಣದ ಸೀಮೆಸುಣ್ಣ ನೀವೇ ತಗೊಂಡು ಹೋಗಿ. ಎಡಕ್ಕೆ 1765, ಸ್ಟಾಂಪ್ ಕಾಯಿದೆ. ಬಲಕ್ಕೆ ಅದಕ್ಕಿಂತ ನಾಲ್ಕು ವರ್ಷ ಮುಂಚೆ, 1761ರಲ್ಲಿ, ಹೈದರ್ ಮೈಸೂರಿನ ಅಧಿಕಾರ ಹಿಡಿದದ್ದು. 1767ರಲ್ಲಿ ಎಡಕ್ಕೆ ಗಾಜು, ಕಾಗದ, ಬಣ್ಣ, ಟೀ ಮೇಲೆ ಟೌನ್‌ಶೆಂಡ್ ತೆರಿಗೆ, ಬಲಕ್ಕೆ ಮೊದಲ ಮೈಸೂರು ಯುದ್ಧದ ಆರಂಭ. 1769ರಲ್ಲಿ ಬಲಕ್ಕೆ ಮದ್ರಾಸ್ ಒಪ್ಪಂದ. 1773, ಎಡಕ್ಕೆ ಬೋಸ್ಟನ್. 1776, ಎಡಕ್ಕೆ ಸ್ವಾತಂತ್ರ್ಯ ಘೋಷಣೆ. 1780, ಬಲಕ್ಕೆ ಪೊಲ್ಲಿಲೂರು. 1781, ಎಡಕ್ಕೆ ಯಾರ್ಕ್‌ಟೌನ್. 1783 ಎಡಕ್ಕೆ ಪ್ಯಾರಿಸ್ ಒಪ್ಪಂದ, 1784 ಬಲಕ್ಕೆ ಮಂಗಳೂರು ಒಪ್ಪಂದ. 1799ರಲ್ಲಿ ಮೇ 4ಕ್ಕೆ ಟಿಪ್ಪು ಸತ್ತ, ಅದೇ ವರ್ಷ ಡಿಸೆಂಬರ್ 14ಕ್ಕೆ ಜಾರ್ಜ್ ವಾಷಿಂಗ್ಟನ್ ತೀರಿಕೊಂಡ.

ಅಷ್ಟೇ ಆ ದಿನದ ಕೆಲಸ. ವಿವರಿಸೋಕೆ ಹೋಗಬೇಡಿ. ಮಕ್ಕಳು ನೋಟ್ಸಿನಲ್ಲಿ ಎರಡು ಪುಟ ಬಿಡಿಸಿ ಇದನ್ನ ಬರಕೊಳ್ಳಲಿ, ಮುಂದಿನ ಮೂರು ವಾರ ಇದೇ ಪುಟಕ್ಕೆ ವಾಪಸ್ ಬರ್ತೀವಿ. ಪ್ರಪಂಚದ ಭೂಪಟ ಶಾಲೆಯಲ್ಲಿ ಇದ್ದೇ ಇರುತ್ತೆ. ಬಂಗಾರಪೇಟೆ ಎಲ್ಲಿ ಬರುತ್ತೆ ಅಂತ ಅವರೇ ಬೆರಳಿಡಲಿ, ಬೋಸ್ಟನ್ ಮೇಲೆ ಇನ್ನೊಬ್ಬರು. ಲಂಡನ್ ಮೇಲೆ ಮೂರನೇಯವರು. ಮೂರು ಬೆರಳು ಮೂರು ಕಡೆ ಇಟ್ಟಾಗ ಲಂಡನ್ ಮಧ್ಯದಲ್ಲಿದೆ ಅನ್ನೋದು ನೀವು ಹೇಳದೇನೇ ಕಾಣುತ್ತೆ.

ಎರಡನೇ ಪೀರಿಯಡ್: ಟೀ ಕಥೆ

ಇಡೀ ಪಾಠದಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು. ನಾನೂ ಇಲ್ಲೇ ಜಾಸ್ತಿ ಹೇಳ್ತೀನಿ.

ಮೊದಲು ಸ್ಟಾಂಪ್ ಕಾಯಿದೆ ಮುಗಿಸಿ. ಅದಕ್ಕೆ ಐದು ನಿಮಿಷ ಸಾಕು. ತಾಲ್ಲೂಕು ಆಫೀಸಿನ ಮುಂದೆ ಸಿಗೋ ಛಾಪಾ ಕಾಗದ ಮಕ್ಕಳು ನೋಡಿರ್ತಾರೆ. ಜಮೀನು ಪತ್ರಕ್ಕೆ ಮಾತ್ರ ಅಲ್ಲ, ದಿನಪತ್ರಿಕೆಗೆ, ಕ್ಯಾಲೆಂಡರಿಗೆ, ಇಸ್ಪೀಟು ಎಲೆಗೂ ಛಾಪಾ ಹಾಕಿರೋ ಕಾಗದವೇ ಬೇಕು, ಆ ದುಡ್ಡು ಲಂಡನ್ನಿಗೆ ಹೋಗುತ್ತೆ, ಲಂಡನ್ ಪಾರ್ಲಿಮೆಂಟಿನಲ್ಲಿ ಮಾತ್ರ ನಿಮ್ಮ ಊರಿಂದ ಒಬ್ಬ ಸದಸ್ಯನೂ ಇಲ್ಲ ಅನ್ನಿ. ಸಿಟ್ಟು ಅರ್ಥ ಆಗುತ್ತೆ. ಗಲಾಟೆ ಜೋರಾಗಿ ಮರುವರ್ಷವೇ, 1766ರಲ್ಲಿ, ಅದನ್ನ ವಾಪಸ್ ತಗೊಂಡರು.

ಈಗ ಟೀ. "ಬೋಸ್ಟನ್ ಟೀ ಪಾರ್ಟಿ" ಅಂದ ಕೂಡಲೇ ಒಬ್ಬರಾದರೂ "ಬಿಸ್ಕತ್ ಕೊಟ್ರಾ ಸಾರ್?" ಅಂತಾರೆ. ನಗಲಿ ಬಿಡಿ. 1773ರ ಡಿಸೆಂಬರ್ 16ರ ರಾತ್ರಿ ಮೊಹಾಕ್ ಬುಡಕಟ್ಟಿನವರ ಹಾಗೆ ವೇಷ ಹಾಕಿಕೊಂಡ ಜನ ಮೂರು ಹಡಗು ಹತ್ತಿ 342 ಪೆಟ್ಟಿಗೆ ಟೀ ಸಮುದ್ರಕ್ಕೆ ಸುರಿದರು ಅಂತ ಹೇಳಿ. ಆಮೇಲೆ ಎರಡು ಪ್ರಶ್ನೆ ಕೇಳಿ.

ಒಂದನೇದು: ಆ ಟೀ ಯಾರದು? ಪುಸ್ತಕದಲ್ಲಿ ಇಂಗ್ಲೆಂಡ್, ಬ್ರಿಟಿಷ್ ಸರ್ಕಾರ ಅಂತೆಲ್ಲ ಓದಿ ಮಕ್ಕಳು "ರಾಜಂದು" ಅಂತಾರೆ. ಅದು ಈಸ್ಟ್ ಇಂಡಿಯಾ ಕಂಪನಿಯದು. ಹೌದು, ನಮ್ಮಲ್ಲಿಗೆ ಬಂದ ಅದೇ ಕಂಪನಿ. ಇಲ್ಲಿ ಹುಷಾರು, "ಹಾಗಾದ್ರೆ ಅಸ್ಸಾಂ ಟೀನಾ?" ಅಂತ ಬರುತ್ತೆ. ಅಲ್ಲ, ಅದು ಚೀನಾದ ಟೀ. ಅಸ್ಸಾಮಿನಲ್ಲಿ ಬ್ರಿಟಿಷರು ಟೀ ತೋಟ ಮಾಡಿದ್ದು 19ನೇ ಶತಮಾನದಲ್ಲಿ.

ಎರಡನೇದು: ಟೀ ರೇಟು ಏರಿತ್ತಾ, ಇಳಿದಿತ್ತಾ? ಕ್ಲಾಸಿನಲ್ಲಿ ಎಲ್ಲರೂ "ಏರಿತ್ತು" ಅಂತಾರೆ. ನಮ್ಮ ಹಾಸ್ಟೆಲ್ಲಿನಲ್ಲಿ ಕೇಳಿ ನೋಡಿದೆ, ಅಲ್ಲೂ ಅದೇ ಉತ್ತರ. ವಾಸ್ತವ ಏನಂದ್ರೆ, 1773ರ ಟೀ ಕಾಯಿದೆಯಿಂದ ಕಂಪನಿಯ ಟೀ ಅಮೆರಿಕದಲ್ಲಿ ಅಗ್ಗ ಆಗುತ್ತಿತ್ತು. ಕಂಪನಿ ಲಂಡನ್ನಿನಲ್ಲಿ ಹರಾಜು ಹಾಕಿ ವ್ಯಾಪಾರಿಗಳ ಕೈಯಿಂದ ಕೈಗೆ ಹೋಗೋ ಬದಲು ನೇರವಾಗಿ ಅಮೆರಿಕಕ್ಕೆ ಕಳಿಸಬಹುದು, ಲಂಡನ್ನಿನ ಸುಂಕ ಇಲ್ಲ. ಆದರೆ ಒಂದು ಪೌಂಡ್ ಟೀಗೆ 3 ಪೆನ್ನಿ ತೆರಿಗೆ, 1767ರಿಂದ ಉಳಿದುಕೊಂಡಿದ್ದದ್ದು, ಹಾಗೇ ಇತ್ತು. ಅಗ್ಗ ಅಂತ ಕೊಂಡರೆ ತೆರಿಗೆ ಹಾಕೋ ಹಕ್ಕನ್ನ ಒಪ್ಪಿದ ಹಾಗೆ. ಜೊತೆಗೆ ಸ್ಥಳೀಯ ವ್ಯಾಪಾರಿಗಳಿಗೆ, ಡಚ್ಚರಿಂದ ಕಳ್ಳಸಾಗಣೆ ಮಾಡ್ತಿದ್ದವರಿಗೆ ಹೊಟ್ಟೆಗೆ ಹೊಡೆತ. ಬಂಗಾರಪೇಟೆ ಬಜಾರಿನಲ್ಲಿ ಅಂಗಡಿ ಇಟ್ಟವರ ಮಕ್ಕಳಿಗೆ ಇದನ್ನ ವಿವರಿಸಬೇಕಾಗಿಲ್ಲ. ದೊಡ್ಡ ಕಂಪನಿ ಬಂದು ಕಮ್ಮಿ ರೇಟಿಗೆ ಮನೆಗೇ ತಲುಪಿಸಿದರೆ ಅಪ್ಪ ಏನಂತಾರೆ ಅಂತ ಅವರಿಗೆ ಗೊತ್ತು.

ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ: ಸರ್ಕಾರ ಕಂಪನಿಗೆ ಇಷ್ಟು ಉಪಕಾರ ಯಾಕೆ ಮಾಡಿತು? ಕಂಪನಿ ಮುಳುಗ್ತಾ ಇತ್ತು. ಗೋದಾಮಿನಲ್ಲಿ ಕೋಟಿ ಪೌಂಡಿಗೂ ಮೀರಿದ ತೂಕದ ಟೀ ಮಾರಾಟ ಆಗದೆ ಬಿದ್ದಿತ್ತು. 1773ರಲ್ಲಿ ಸರ್ಕಾರದಿಂದ 14 ಲಕ್ಷ ಪೌಂಡ್ ಸಾಲ ಬೇಕಾಯ್ತು. ಅದಕ್ಕೆ ಪ್ರತಿಯಾಗಿ ಸರ್ಕಾರ ಹಾಕಿದ ಕಡಿವಾಣವೇ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ 1773ರ ರೆಗ್ಯುಲೇಟಿಂಗ್ ಕಾಯಿದೆ. ಅದೂ ಟೀ ಕಾಯಿದೆಯೂ ಒಂದೇ ವರ್ಷದ್ದು ಅಂತ ನನಗೆ ಗೊತ್ತಾದಾಗ ಸೆಮಿಸ್ಟರ್ ಪೂರ್ತಿ ತಲೆಕೆಡಿಸಿದ್ದ ಪ್ರಾಬ್ಲಂ ಬಿಡಿಸಿದ ಹಾಗಾಯ್ತು.

ಕಂಪನಿ ಯಾಕೆ ಮುಳುಗ್ತಿತ್ತು? ಇಲ್ಲಿ ಬೂದಿಕೋಟೆ ವಾಪಸ್ ಬರುತ್ತೆ. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ನಿಂತು ತನ್ನ ಷರತ್ತಿಗೆ ಒಪ್ಪಂದ ಮಾಡಿಸಿಕೊಂಡ. ಕರ್ನಾಟಿಕ್ ಪ್ರಾಂತ್ಯದಲ್ಲಿ ಕಂಪನಿಗೆ ಬಿದ್ದ ಏಟಿನ ಸುದ್ದಿ ಆ ವರ್ಷ ಲಂಡನ್ ತಲುಪಿದಾಗ ಕಂಪನಿಯ ಷೇರು ಬಿತ್ತು. ಷೇರು ಮಾರುಕಟ್ಟೆ ಅನ್ನೋದನ್ನ ಮಕ್ಕಳಿಗೆ ಎರಡೇ ಮಾತಲ್ಲಿ ಹೇಳಿ: ಕಂಪನಿಯ ಚೂರುಗಳನ್ನ ಜನ ಕೊಳ್ತಾರೆ, ಕಂಪನಿಗೆ ಏಟು ಬಿತ್ತು ಅಂದ್ರೆ ಎಲ್ಲರೂ ಒಟ್ಟಿಗೆ ಮಾರೋಕೆ ಓಡ್ತಾರೆ.

ಆದರೆ ದಯವಿಟ್ಟು ಇಲ್ಲಿ ನಿಲ್ಲಿ. "ಹೈದರಾಲಿಯಿಂದಲೇ ಅಮೆರಿಕ ಸ್ವತಂತ್ರ ಆಯ್ತು" ಅಂತ ವಾಟ್ಸಾಪ್ ಫಾರ್ವರ್ಡ್ ಥರ ಹೇಳಿಬಿಡೋ ಆಸೆ ಆಗುತ್ತೆ. ನನಗೂ ಆಗಿತ್ತು. ಕಂಪನಿ ಮುಳುಗೋಕೆ 1770ರ ಬಂಗಾಳದ ಭೀಕರ ಕ್ಷಾಮ ಕಾರಣ, ಆದಾಯ ಇಲ್ಲದಿದ್ದರೂ ಷೇರುದಾರರಿಗೆ ಲಾಭಾಂಶ ಹಂಚಿದ್ದು ಕಾರಣ, 1767ರಿಂದ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ಪೌಂಡ್ ಕಟ್ಟಬೇಕಾಗಿದ್ದದ್ದು ಕಾರಣ, 1772ರಲ್ಲಿ ಯುರೋಪಿನ ಬ್ಯಾಂಕುಗಳು ಕುಸಿದದ್ದು ಕಾರಣ. ಹೈದರ್ ಇವುಗಳಲ್ಲಿ ಒಬ್ಬ. ಬೀಮ್ ಮುರಿದಾಗ ಯಾವ ಲೋಡಿನಿಂದ ಅಂತ ನಾವು ಹೇಗೆ ಎಲ್ಲವನ್ನೂ ಕೂಡಿಸ್ತೀವೋ ಹಾಗೆ. ಮಕ್ಕಳಿಗೆ ಇದನ್ನ ಆಟದ ಥರ ಮಾಡಿಸಬಹುದು: ಐದು ಚೀಟಿಯಲ್ಲಿ ಐದು ಕಾರಣ ಬರೆದು ಐದು ಮಕ್ಕಳ ಕೈಗೆ ಕೊಡಿ, ಒಂದು ಚೀಟಿ ತೆಗೆದರೆ ಕಥೆ ಆಗಲೂ ನಡೀತಿತ್ತಾ ಅಂತ ಉಳಿದವರು ವಾದ ಮಾಡಲಿ. ನಮ್ಮ ಕ್ಲಾಸಿನಲ್ಲಿ ಕ್ಷಾಮದ ಚೀಟಿ ಹಿಡಿದ ಹುಡುಗಿ ಕೊನೆಗೂ ಅದನ್ನ ಬಿಟ್ಟುಕೊಡಲಿಲ್ಲ. ಬೆಲ್ ಹೊಡೆದರೂ ಜಗಳ ನಿಂತಿರಲಿಲ್ಲ.

ಮೂರನೇ ಪೀರಿಯಡ್: ಯುದ್ಧ

ಯುದ್ಧದ ಒಂದೊಂದು ಕದನವನ್ನೂ ಹೇಳ್ತಾ ಕೂರಬೇಡಿ. ಲೆಕ್ಸಿಂಗ್ಟನ್, ಸರಟೋಗ, ಯಾರ್ಕ್‌ಟೌನ್ ಸಾಕು. 1777ರಲ್ಲಿ ಸರಟೋಗದಲ್ಲಿ ಅಮೆರಿಕನ್ನರು ಗೆದ್ದ ಮೇಲೆ 1778ರಲ್ಲಿ ಫ್ರಾನ್ಸ್ ಅವರ ಜೊತೆ ಸೇರಿತು. ಅಲ್ಲಿಂದ ಯುದ್ಧ ಅಮೆರಿಕದ್ದು ಮಾತ್ರ ಅಲ್ಲ. ಬ್ರಿಟಿಷರು ಇಂಡಿಯಾದಲ್ಲಿದ್ದ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. 1779ರಲ್ಲಿ ಮಾಹೆ ಹಿಡಿದರು. ಮಾಹೆ ಹೈದರನಿಗೆ ಮದ್ದುಗುಂಡು ಬರುತ್ತಿದ್ದ ಬಂದರು, ಅವನ ರಕ್ಷಣೆಯಲ್ಲಿದ್ದ ಜಾಗ. 1780ರಲ್ಲಿ ಹೈದರ್ ಕರ್ನಾಟಿಕ್ ಮೇಲೆ ಇಳಿದ, ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ಪೂರ್ತಿ ಸೋತಿತು. ಮಕ್ಕಳು ಬೋರ್ಡಿನ ಎರಡೂ ಕಾಲಂ ನಡುವೆ ಬಾಣದ ಗುರುತು ಹಾಕಲಿ.

ನನಗೆ ತುಂಬ ಇಷ್ಟವಾದ ವಿವರ ಇದು. 1781ರ ಮಾರ್ಚ್ 22ರಂದು ಫ್ರಾನ್ಸಿನ ಬ್ರೆಸ್ಟ್ ಬಂದರಿನಿಂದ ಒಂದೇ ದಿನ ಹಡಗುಗಳ ದಂಡು ಹೊರಟಿತು. ಡಿ ಗ್ರಾಸ್ ನಾಯಕತ್ವದ ದೊಡ್ಡ ಗುಂಪು ಪಶ್ಚಿಮಕ್ಕೆ ಹೋಗಿ ಚೆಸಪೀಕ್ ಕೊಲ್ಲಿಗೆ ಅಡ್ಡ ನಿಂತು ಕಾರ್ನ್‌ವಾಲಿಸನನ್ನ ಯಾರ್ಕ್‌ಟೌನಿನಲ್ಲಿ ಸಿಕ್ಕಿಸಿತು. ದಾರಿಯಲ್ಲಿ ಬೇರೆಯಾದ ಸಫ್ರೆನ್‌ನ ಸಣ್ಣ ಗುಂಪು ಆಫ್ರಿಕಾ ಸುತ್ತಿ ಇಲ್ಲಿಗೆ ಬಂತು. 1782ರಲ್ಲಿ ಕಡಲೂರಿನಲ್ಲಿ ಸಫ್ರೆನ್, ಹೈದರ್ ಭೇಟಿಯೂ ಆಯ್ತು. ಭೂಪಟದ ಮೇಲೆ ಎರಡು ದಾರ ಹಿಡಿದು ತೋರಿಸಿ, ಒಂದು ತುದಿ ಬ್ರೆಸ್ಟಿನಲ್ಲಿ.

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಶರಣಾಯ್ತು. ಹುಷಾರಿಲ್ಲ ಅಂತ ಹೇಳಿ ಅವನು ಶರಣಾಗತಿಗೆ ತಾನು ಬರದೆ ಕೈಕೆಳಗಿನವನನ್ನ ಕಳಿಸಿದ. ಪುಸ್ತಕದಲ್ಲಿ ಇವನ ಕಥೆ ಇಲ್ಲಿಗೆ ಮುಗಿಯುತ್ತೆ. ನೀವು ಮುಗಿಸಬೇಡಿ. 1786ರಲ್ಲಿ ಅದೇ ಕಾರ್ನ್‌ವಾಲಿಸ್ ಇಂಡಿಯಾಕ್ಕೆ ಗವರ್ನರ್ ಜನರಲ್ ಆಗಿ ಬಂದ. 1791ರ ಫೆಬ್ರವರಿಯಲ್ಲಿ ಚಿತ್ತೂರು ಕಡೆಯಿಂದ ಮುಗಳಿ ಘಟ್ಟ ಹತ್ತಿ ಮುಳಬಾಗಿಲು, ಕೋಲಾರ, ಹೊಸಕೋಟೆ ದಾರಿಯಲ್ಲಿ ಬೆಂಗಳೂರಿಗೆ ನಡೆದ. ಕೋಲಾರದಲ್ಲಿ ಹೇಳಿಕೊಳ್ಳೋ ಅಂಥ ಪ್ರತಿರೋಧ ಸಿಗಲಿಲ್ಲ. ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಬಿತ್ತು. ಆಗ ಅಮೆರಿಕದ ಅಧ್ಯಕ್ಷ ಯಾರು? ಅವನನ್ನ ಸೋಲಿಸಿದ ವಾಷಿಂಗ್ಟನ್. ವಾಷಿಂಗ್ಟನ್ನಿಗೆ ಸೋತವನು ನಮ್ಮ ಹೈವೇಯಲ್ಲಿ ನಡೆದು ಹೋಗಿದ್ದಾನೆ ಅಂದಾಗ ಕ್ಲಾಸಿನಲ್ಲಿ ಒಬ್ಬ ಶಿಳ್ಳೆ ಹೊಡೆದ. ಟೀಚರ್ ಬಾಗಿಲಲ್ಲಿ ನಿಂತಿದ್ದರು, ಪುಣ್ಯಕ್ಕೆ ನಕ್ಕರು.

ನಮ್ಮ ಬ್ರ್ಯಾಂಚಿನವರಿಗೆ ಇಷ್ಟ ಆಗೋ ರಾಕೆಟ್ ಕಥೆಯೂ ಇಲ್ಲೇ ಬರುತ್ತೆ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನ 1799ರ ನಂತರ ಇಂಗ್ಲೆಂಡಿಗೆ ಒಯ್ದು ನೋಡಿ ವಿಲಿಯಂ ಕಾಂಗ್ರೀವ್ ತನ್ನದನ್ನ ಮಾಡಿದ. ಅವನ್ನ ಬ್ರಿಟಿಷರು 1814ರಲ್ಲಿ ಬಾಲ್ಟಿಮೋರಿನ ಫೋರ್ಟ್ ಮೆಕ್‌ಹೆನ್ರಿ ಮೇಲೆ ಹಾರಿಸಿದರು. ಅದನ್ನ ನೋಡಿದ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯ ಅಮೆರಿಕದ ರಾಷ್ಟ್ರಗೀತೆ ಆಯ್ತು, ಅದರಲ್ಲಿ ರಾಕೆಟ್ಟಿನ ಪ್ರಸ್ತಾಪ ಇದೆ. ಎರಡು ನಿಮಿಷಕ್ಕಿಂತ ಜಾಸ್ತಿ ಹೇಳಬೇಡಿ, ಇಲ್ಲಾಂದ್ರೆ ಪೀರಿಯಡ್ ಪೂರ್ತಿ ರಾಕೆಟ್ ಹಾರುತ್ತೆ.

ಹೈದರ್, ಟಿಪ್ಪು ಹೆಸರು ಬಂದಾಗ ಇವತ್ತಿನ ರಾಜಕೀಯದ ಜಗಳ ಕ್ಲಾಸಿಗೆ ಬರಬಹುದು. ಹೊಗಳೋಕೂ ಹೋಗಬೇಡಿ, ಬೈಯೋಕೂ ಹೋಗಬೇಡಿ. ಹೈದರ್ ಹೋರಾಡಿದ್ದು ಅಮೆರಿಕಕ್ಕಾಗಿ ಅಲ್ಲ, ತನ್ನ ರಾಜ್ಯಕ್ಕಾಗಿ. ಫಿಲಡೆಲ್ಫಿಯಾದವರು ಅವನ ಹೆಸರಿಟ್ಟಿದ್ದು ಮೈಸೂರಿನ ಮೇಲಿನ ಪ್ರೀತಿಗಲ್ಲ, ಶತ್ರುವಿನ ಶತ್ರು ಅಂತ. ಪ್ಯಾರಿಸ್ಸಿನಲ್ಲಿ ಸಂಧಿ ಆದ ಸುದ್ದಿ 1783ರಲ್ಲಿ ಕಡಲೂರಿಗೆ ಮುಟ್ಟಿದ ಕೂಡಲೇ ಫ್ರೆಂಚರು ಯುದ್ಧ ನಿಲ್ಲಿಸಿ ಟಿಪ್ಪುವನ್ನ ಒಂಟಿ ಮಾಡಿದರು. ಇಷ್ಟು ಹೇಳಿದರೆ ಸಾಕು.

ಕೆ.ಜಿ.ಎಫ್. ಮಕ್ಕಳಿಗೆ ಒಂದು ಬಾಲ ಸೇರಿಸಿ. 1799ರ ನಂತರ ಬ್ರಿಟಿಷರು ಮೈಸೂರಿನ ಗಡಿ ಅಳೆಯೋಕೆ ಕಳಿಸಿದವರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ಒಬ್ಬ. 1802ರಲ್ಲಿ ಊರಿಗಾಂ, ಮಾರಿಕುಪ್ಪಂ ಕಡೆ ಚಿನ್ನ ಸಿಗುತ್ತೆ ಅಂತ ಕೇಳಿ ಹಳ್ಳಿಯವರಿಂದ ಮಣ್ಣು ತರಿಸಿ ತೊಳೆಸಿ ನೋಡಿದ. ಅವನ ವರದಿ ಓದಿಯೇ 1871ರಲ್ಲಿ ಮೈಕಲ್ ಲ್ಯಾವೆಲ್ ಇಲ್ಲಿಗೆ ಬಂದದ್ದು, 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದ್ದು. ಶ್ರೀರಂಗಪಟ್ಟಣ ಬಿದ್ದದ್ದಕ್ಕೂ ರಾಬರ್ಟ್‌ಸನ್‌ಪೇಟೆ ಹುಟ್ಟಿದ್ದಕ್ಕೂ ನಂಟು ಇದೆ ಅಂತ ಆಗ ಗೊತ್ತಾಗುತ್ತೆ.

ನಾಲ್ಕನೇ ಪೀರಿಯಡ್: ಯಾರನ್ನ ಬಿಟ್ಟರು

1776ರ ಜುಲೈ 4ರ ಘೋಷಣೆಯನ್ನ ದೂರು ಅರ್ಜಿ ಅಂತ ಪರಿಚಯಿಸಿ. ಅದರ ಹೆಚ್ಚಿನ ಭಾಗ ಅದೇ, ರಾಜನ ಮೇಲೆ ಸಾಲುಸಾಲು ದೂರು. ಮಕ್ಕಳು ತಮ್ಮ ಶಾಲೆ ಬಗ್ಗೆ, ಊರಿನ ಬಗ್ಗೆ ಐದು ದೂರಿನ ಅರ್ಜಿ ಬರೆಯಲಿ. ನೀರು, ಬಸ್ಸು, ಶೌಚಾಲಯ, ಎಲ್ಲ ಬರುತ್ತೆ. ಓದಿ ಬಿಸಾಡಬೇಡಿ, ಮುಖ್ಯೋಪಾಧ್ಯಾಯರಿಗೆ ಮುಟ್ಟಿಸಿ. (ಮೊದಲೇ ಅವರಿಗೆ ಹೇಳಿಟ್ಟಿರಿ!)

ಆಮೇಲೆ ಕೇಳಿ: ಎಲ್ಲರೂ ಸಮಾನರು ಅಂತ ಬರೆದ ಜೆಫರ್ಸನ್ ಮನೆಯಲ್ಲಿ ಗುಲಾಮರಿದ್ದರು, ಇದು ಹೇಗೆ? ಆ ವಸಾಹತುಗಳಲ್ಲಿ ಸುಮಾರು ಐದರಲ್ಲಿ ಒಬ್ಬರು ಗುಲಾಮರಾಗಿದ್ದ ಆಫ್ರಿಕನ್ನರು. ಗುಲಾಮಗಿರಿಯನ್ನ ಕಾನೂನಿನಿಂದ ತೆಗೆದದ್ದು 1865ರಲ್ಲಿ, ಸಂವಿಧಾನದ 13ನೇ ತಿದ್ದುಪಡಿಯಿಂದ. ಹೆಂಗಸರೂ ಇಲ್ಲ, ಅಲ್ಲಿನ ಮೂಲನಿವಾಸಿಗಳೂ ಇಲ್ಲ. ಈ ಪ್ರಶ್ನೆಯನ್ನ ಕೆ.ಜಿ.ಎಫ್. ಮಕ್ಕಳು ಬೇಗ ಹಿಡಿದುಕೊಳ್ತಾರೆ. ಅವರ ಮುತ್ತಾತಂದಿರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದು ಗಣಿಯ ಲೈನ್ ಮನೆಗಳಲ್ಲಿ ಬದುಕಿದವರು. 1930ರಲ್ಲಿ ಗಣಿ ಕಂಪನಿ ಕೆಲಸಗಾರರೆಲ್ಲ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂದಾಗ, ನಾವೇನು ಕಳ್ಳರಾ ಅಂತ ಕೆಲಸ ನಿಲ್ಲಿಸಿ ದೊಡ್ಡ ಮುಷ್ಕರ ಮಾಡಿದರು. ಛಾಪಾ ಕಾಗದಕ್ಕೆ ಬೋಸ್ಟನ್ನಿನವರು ಯಾಕೆ ಸಿಟ್ಟಾದರು ಅನ್ನೋದನ್ನೂ ಬೆರಳಚ್ಚಿಗೆ ಇವರು ಯಾಕೆ ಸಿಟ್ಟಾದರು ಅನ್ನೋದನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಒಂದೇ ಥರ, ಎಲ್ಲಿ ಬೇರೆ ಅಂತ ಮಾತಾಡಿಸಿ. ಬೇರೆ ಅನ್ನೋ ಪಟ್ಟಿ ಉದ್ದ ಆದರೆ ಪಾಠ ಚೆನ್ನಾಗಿ ಆಗ್ತಿದೆ ಅಂತ ಲೆಕ್ಕ. ಬೋಸ್ಟನ್ ವ್ಯಾಪಾರಿ ಬೇರೆ, ಚಾಂಪಿಯನ್ ರೀಫ್ಸ್ ಗಣಿಯ ಕೂಲಿ ಬೇರೆ.

ಪರೀಕ್ಷೆ? ಕೊನೇ ಹತ್ತು ನಿಮಿಷ ಪಾಠದ ಹಿಂದಿನ ಪ್ರಶ್ನೆಗಳನ್ನ ಓದಿಸಿ, ನೋಟ್ಸಿನ ಎರಡು ಪುಟ ನೋಡಿ ಉತ್ತರ ಹೇಳಿಸಿ. ಕಾರಣಗಳು, ಪರಿಣಾಮಗಳು ಎರಡೂ ಆ ಪುಟಗಳಲ್ಲೇ ಸಿಗುತ್ತೆ. ಅಂಕಕ್ಕೆ ಬೇರೆ ಪಾಠ ಬೇಕಾಗಲ್ಲ.

ಮನೆಗೆಲಸ ಒಂದೇ ಕೊಡಿ: ಮನೆಯ ಹಿರಿಯರನ್ನ ಕೇಳಿ, ಗಣಿಗೆ ಕರೆಂಟ್ ಎಲ್ಲಿಂದ ಬರ್ತಿತ್ತು? "ಶಿವನಸಮುದ್ರದಿಂದ" ಅಂತ ಉತ್ತರ ಬರುತ್ತೆ. 1902ರ ಜೂನ್‌ನಲ್ಲಿ ಸುಮಾರು 147 ಕಿ.ಮೀ. ದೂರದಿಂದ ಕೆ.ಜಿ.ಎಫ್.ಗೆ ವಿದ್ಯುತ್ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಅಲ್ಲಿನ ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು.

ನನ್ನ ಕ್ಲಾಸಿನಲ್ಲಿ ಇದಕ್ಕೆ ಉತ್ತರ ತಂದವನು ಆ ಹಿಂದಿನ ಬೆಂಚಿನ ಹುಡುಗನೇ. ಅವನ ತಾತ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಹತ್ತಿರ ಕೆಲಸ ಮಾಡಿದವರಂತೆ. ನೋಟ್‌ಬುಕ್ಕಿನಲ್ಲಿ ಎಡಗಡೆ, ಅಮೆರಿಕದ ಕಾಲಂ ಕೆಳಗೆ, ತಾತನ ಹೆಸರು ಬರಕೊಂಡು ಬಂದಿದ್ದ. "ಸಾರ್, ಇದು ಎಡಕ್ಕಾ ಬಲಕ್ಕಾ?" ಅಂತ ಕೇಳಿದ. ನಾನು ಗೆರೆಯ ಮೇಲೇ ಬರಿ ಅಂದೆ.